ವಿಳಾಸವೂ ಸಂತೆಯ ಸರಕಾದರೆ

ಕಳೆದ ವಾರ ದೊಡ್ಡಮಳೂರಿನಲ್ಲಿ, ಹಳೆಯ ಬೆಂಗಳೂರು-ಮೈಸೂರು ರಸ್ತೆಯ ಬದಿಯ ಬೊಂಬೆ ಅಂಗಡಿಯೊಂದರ ಜಗಲಿಯ ಮೇಲೆ ಕುಳಿತಿದ್ದೆ. ಹೊಸ ಹೆದ್ದಾರಿ ಚನ್ನಪಟ್ಟಣವನ್ನು ಬಳಸಿಕೊಂಡು ಹೊರಗೆ ಹೋದ ಮೇಲೆ ಹಳೆಯ ರಸ್ತೆಯ ವ್ಯಾಪಾರ ಇಳಿದಿದೆ. ಅಂಗಡಿಯವರಿಗೆ ಮಾತಿಗೆ ಪುರಸೊತ್ತು ಹೆಚ್ಚಿದೆ. ಮಾಲೀಕರು ನನ್ನನ್ನು ಕಂಡೊಡನೆ ದೂರು ಬಿಚ್ಚಿದರು.

“ಮೇಷ್ಟ್ರೆ, ನೀವು ಓದಿದವರು, ಇದೇನು ಹೇಳಿ. ನಮ್ಮ ತಾತನ ಕಾಲದಿಂದ ಅಪ್ರಮೇಯಸ್ವಾಮಿ ನೆರಳಿನಲ್ಲಿ ಇದ್ದೀವಿ. ಟಪಾಲು ಬರ್ತದೆ, ಕಂದಾಯದ ನೋಟೀಸು ಬರ್ತದೆ, ಸಾಲ ಕೊಟ್ಟವನೂ ದಾರಿ ತಪ್ಪದೆ ಬರ್ತಾನೆ. ಈ ಕ್ಯಾಮೆರಾದವನು ಮಾತ್ರ ನಿಮ್ಮ ಅಂಗಡಿಗೆ ವಿಳಾಸವೇ ಇಲ್ಲ ಅಂತಾನೆ!”

ಕೇಳಿದರೆ ನಗು ಬರುತ್ತದೆ. ಆದರೆ ಕ್ಯಾಮೆರಾದವನು ಸುಳ್ಳಾಡಿರಲಿಲ್ಲ. ಸರಕು ತರಲು ಊರೂರು ಸುತ್ತುವ ಈ ಮಾಲೀಕರು, ತಾವಿಲ್ಲದಾಗ ಅಂಗಡಿಯನ್ನು ಕೈಯ ಫೋನಿನಲ್ಲಿಯೇ ನೋಡಬೇಕೆಂದು ಕ್ಯಾಮೆರಾ ಹಾಕಿಸಿದ್ದಾರೆ. ಆದರೆ ಅವರು ತೆಗೆದುಕೊಂಡಿರುವ ಇಂಟರ್ನೆಟ್ ಲೈನಿಗೆ ಸ್ವಂತದ ಐಪಿ ವಿಳಾಸವಿಲ್ಲ. ಬೇಕಾದರೆ ತಿಂಗಳು ತಿಂಗಳು ಬೇರೆ ಹಣ ತೆರಬೇಕು. ತೆರಲಾರದಿದ್ದರೆ, ಅಂಗಡಿಯ ಚಿತ್ರ ಮೊದಲು ಕ್ಯಾಮೆರಾ ತಯಾರಿಸಿದ ಕಂಪನಿಯ ಯಾವುದೋ ದೂರದ ಯಂತ್ರಕ್ಕೆ ಹೋಗಿ, ಅಲ್ಲಿಂದ ತಿರುಗಿ ಇವರ ಫೋನಿಗೆ ಬರಬೇಕು. ತನ್ನ ಗಲ್ಲಾಪೆಟ್ಟಿಗೆಯನ್ನು ತಾನು ನೋಡಿಕೊಳ್ಳಲು ಪರರ ಮನೆಯ ಕಿಟಕಿಯಲ್ಲಿ ಇಣುಕಬೇಕಾದ ಸ್ಥಿತಿ!

ಇದು ಒಬ್ಬ ಬೊಂಬೆ ವ್ಯಾಪಾರಿಯ ಗೋಳು ಮಾತ್ರವೆ? ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರೀಲರು ಇಂದು ಹರಾಜು ಕೂಗುವುದು ಮೊಬೈಲಿನ ಮೇಲೆ. ಮಿಲ್ಲಿನ ಸಂಬಳ ಬ್ಯಾಂಕಿಗೆ ಬಂದ ಸುದ್ದಿ ತಿಳಿಯುವುದು ಮೊಬೈಲಿನ ಮೇಲೆ. ಚಹದಂಗಡಿಯ ಹತ್ತು ರೂಪಾಯಿ ಕೈ ಬದಲಾಯಿಸುವುದೂ ಅದರ ಮೇಲೆಯೇ. ಈ ಎಲ್ಲ ವ್ಯವಹಾರದ ಬುಡದಲ್ಲಿ ಒಂದೊಂದು ಅಂಕಿ ಇದೆ. ಆ ಅಂಕಿಗೆ ಬರ ಬಂದಿದೆ. ಬರ ಬಂದಲ್ಲಿ ದಾಸ್ತಾನುದಾರ ಬರುತ್ತಾನೆಂಬುದನ್ನು ನಮ್ಮ ಜನಕ್ಕೆ ಹೇಳಿಕೊಡಬೇಕಾಗಿಲ್ಲ. ಒಂದು ಭೂಖಂಡದ ಅಂಕಿಗಳನ್ನು ಇನ್ನೊಂದು ಭೂಖಂಡಕ್ಕೆ ಮಾರಬಹುದೇ, ಮಾರಿದರೆ ಯಾವ ಷರತ್ತಿನ ಮೇಲೆ ಎಂಬ ವಾದ ಹದಿನೈದು ವರ್ಷಗಳಿಗೂ ಹೆಚ್ಚು ಕಾಲದಿಂದ ನಡೆದಿದೆ. ಅದು ತಂತ್ರಜ್ಞರ ಜಗಳವೆಂದು ನಾವು ಸುಮ್ಮನಿದ್ದೇವೆ. ಸುಮ್ಮನಿರತಕ್ಕದ್ದಲ್ಲ.

ವಠಾರದ ಬದುಕು

ಮೊದಲು ವಿಳಾಸವೆಂದರೇನು ಎಂಬುದನ್ನು ತಿಳಿಯೋಣ. ಜಾಲಕ್ಕೆ ಸೇರಿದ ಯಂತ್ರಕ್ಕೆ ಕಾಗದ ಮುಟ್ಟಬೇಕಾದರೆ ಅದಕ್ಕೊಂದು ಅಂಕಿ ಬೇಕು. 1983ರಿಂದ ಬಳಕೆಯಲ್ಲಿರುವ ನಾಲ್ಕನೆಯ ಆವೃತ್ತಿಯ ಅಂಕಿಗೆ ನಾಲ್ಕು ಭಾಗ. ಒಂದೊಂದು ಭಾಗವೂ 0 ಯಿಂದ 255ರವರೆಗೆ. 256ನ್ನು ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸಿ ನೋಡಿ, 429 ಕೋಟಿ 49 ಲಕ್ಷ 67 ಸಾವಿರದ 296 ಬರುತ್ತದೆ. ಜಗತ್ತಿನ ವಿಳಾಸಗಳು ಒಟ್ಟು ಇಷ್ಟೇ. ಇದರಲ್ಲೂ ಕೆಲವು ಕೋಟಿಗಳನ್ನು ಬೇರೆ ಬೇರೆ ಕೆಲಸಕ್ಕೆಂದು ತೆಗೆದಿಡಲಾಗಿದೆ. ಭೂಮಿಯ ಮೇಲಿರುವ ಜನ 800 ಕೋಟಿಗೂ ಮಿಕ್ಕಿದ್ದಾರೆ. ಒಬ್ಬೊಬ್ಬನ ಬಳಿ ಎರಡು ಮೂರು ಯಂತ್ರ. ತಲೆಗೊಂದರಂತೆಯೂ ಸಾಲದು.

ಸಾಲದ್ದನ್ನು ಸಾಗಿಸಲು ಕಂಡುಕೊಂಡ ಉಪಾಯ ವಠಾರದ ಉಪಾಯ. ಬೀದಿಗೆ ಕಾಣುವ ಬಾಗಿಲು ಒಂದೇ, ಬಾಗಿಲಿನ ನಂಬರು ಒಂದೇ. ಒಳಗೆ ಇಪ್ಪತ್ತು ಸಂಸಾರ. ಒಳಗಿನವರು ಹೊರಗೆ ಹೋಗಿ ಸಾಮಾನು ತರಬಹುದು. ಆದರೆ ಹೊರಗಿನವನೊಬ್ಬ ನೇರವಾಗಿ ಒಳಗಿನ ಇಂಥ ಸಂಸಾರವನ್ನೇ ಹುಡುಕಿಕೊಂಡು ಬರುವಂತಿಲ್ಲ. ಇಂಟರ್ನೆಟ್ ಕಂಪನಿಗಳು ಇಂದು ನೂರಾರು ಗಿರಾಕಿಗಳನ್ನು ಹೀಗೆ ಒಂದೇ ನಂಬರಿನ ಹಿಂದೆ ಕೂಡಿಹಾಕಿವೆ. ದೊಡ್ಡಮಳೂರಿನ ಅಂಗಡಿಯೂ ಇಂಥ ವಠಾರದ ಒಳಕೋಣೆಯಲ್ಲಿದೆ. ನೋಡುವವನಿಗೆ, ಕೊಳ್ಳುವವನಿಗೆ ಈ ಜಾಲ ಸಾಕು. ತನ್ನದೇ ಬಾಗಿಲು ತೆರೆದು ಮಾರಬೇಕೆನ್ನುವವನಿಗೆ ಸಾಲದು. ಗಿರಾಕಿಯಾಗಿರು, ವ್ಯಾಪಾರಿಯಾಗಬೇಡ ಎಂದು ಹೇಳಿದ ಹಾಗಾಯಿತು.

ಮೊದಲು ಬಂದವರ ಪಾಲು

ಈ ಬರ ದೈವಕೃತವಲ್ಲ. ಜಾಲ ಹುಟ್ಟಿದ್ದು ಅಮೆರಿಕದಲ್ಲಿ. ಆರಂಭದಲ್ಲಿ ಕೇಳಿದವರಿಗೆ ಕೇಳಿದಷ್ಟು, ಬಿಡಿಗಾಸಿಲ್ಲದೆ, ಬಹುಮಟ್ಟಿಗೆ ಯಾವ ಕರಾರಿಗೂ ರುಜು ಹಾಕಿಸದೆ ಹಂಚಿದರು. ದೊಡ್ಡ ಕಟ್ಟೊಂದರಲ್ಲಿ 1 ಕೋಟಿ 67 ಲಕ್ಷ ವಿಳಾಸ. ಅಂಥ ಇಡೀ ಕಟ್ಟು ಎಂಐಟಿ ಎಂಬ ಒಂದು ವಿದ್ಯಾಸಂಸ್ಥೆಗೆ ಸಿಕ್ಕಿತು. ಹಾಗೆಯೇ ಕೆಲವು ದೊಡ್ಡ ಕಂಪನಿಗಳಿಗೆ, ಅಲ್ಲಿನ ಸೇನಾ ಇಲಾಖೆಗೆ. ನಮ್ಮಲ್ಲಿ ಆಗಿನ್ನೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಬೆರಳೆಣಿಕೆಯ ಸಂಸ್ಥೆಗಳು 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ವಿದ್ಯಾಜಾಲದಲ್ಲಿ ಸೇರಿಕೊಳ್ಳುತ್ತಿದ್ದವು. ಸಾಮಾನ್ಯ ಜನಕ್ಕೆ ಜಾಲದ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು. ಚನ್ನಪಟ್ಟಣದ ಕೂಲಿಕಾರನ ಕೈಗೆ ಅದು ಬಂದದ್ದು ಅಗ್ಗದ ಮೊಬೈಲಿನ ಕಾಲಕ್ಕೆ. ಅಷ್ಟರಲ್ಲಿ ಹಂಡೆಯ ತಳ ಕಂಡಿತ್ತು.

ಆಮೇಲೆ ಜಗತ್ತನ್ನು ಐದು ವಲಯಗಳನ್ನಾಗಿ ಮಾಡಿ ಐದು ದಾಖಲೆ ಕಚೇರಿಗಳನ್ನು ಇಟ್ಟರು. ಯೂರೋಪು ಮತ್ತು ಮಧ್ಯಪ್ರಾಚ್ಯಕ್ಕೆ ರೈಪ್, ಏಷ್ಯಾ-ಪೆಸಿಫಿಕ್ಕಿಗೆ ಎಪಿನಿಕ್, ಉತ್ತರ ಅಮೆರಿಕಕ್ಕೆ ಆರಿನ್, ಲ್ಯಾಟಿನ್ ಅಮೆರಿಕಕ್ಕೆ ಲ್ಯಾಕ್ನಿಕ್, ಎಲ್ಲರಿಗಿಂತ ಕೊನೆಗೆ 2005ರಲ್ಲಿ ಆಫ್ರಿಕಕ್ಕೆ ಆಫ್ರಿನಿಕ್. ನಮ್ಮ ಎಪಿನಿಕ್ಕಿನ ಕಚೇರಿ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿದೆ. ಭಾರತಕ್ಕೆ ನಿಕ್ಸಿಯ ಅಂಗವಾಗಿ ಇರಿನ್ ಎಂಬ ದೇಶೀಯ ಕಚೇರಿ 2012ರಲ್ಲಿ ಬಂತು. ಇವೆಲ್ಲ ಶಾನುಭೋಗರ ದಫ್ತರಿದ್ದಂತೆ: ಯಾವ ಅಂಕಿ ಯಾರ ಖಾತೆಯಲ್ಲಿದೆ ಎಂದು ಬರೆದಿಡುವುದು ಇವುಗಳ ಕೆಲಸ.

2011ರ ಫೆಬ್ರವರಿ 3ರಂದು ಕೇಂದ್ರದ ಕಣಜ ಬರಿದಾಯಿತು. ಕೊನೆಗುಳಿದ ಐದು ಕಟ್ಟುಗಳನ್ನು ವಲಯಕ್ಕೊಂದರಂತೆ ಕೊಟ್ಟು ಕೈ ತೊಳೆದರು. ಜನ ಹೆಚ್ಚಿರುವ ನಮ್ಮ ವಲಯ ಅದೇ ವರ್ಷದ ಏಪ್ರಿಲ್ 15ಕ್ಕೆ ಕೊನೆಯ ಕಟ್ಟನ್ನು ಮುಟ್ಟಿತು. ಅಂದಿನಿಂದ ಸದಸ್ಯನೊಬ್ಬನಿಗೆ ಆ ಕಟ್ಟಿನಿಂದ 1024ಕ್ಕಿಂತ ಹೆಚ್ಚಿಲ್ಲ ಎಂದಾಯಿತು, ಮುಂದೆ ಅದೂ 512ಕ್ಕೆ ಇಳಿಯಿತು. ಬರಗಾಲದಲ್ಲಿ ಸೇರಿನ ಅಳತೆ ಬಿಟ್ಟು ಪಾವಿನಲ್ಲಿ ಅಳೆದ ಹಾಗೆ. ಈ ಕೆಲಸವನ್ನು ನಾನು ಮೆಚ್ಚುತ್ತೇನೆ. ಇದ್ದದ್ದನ್ನು ಉಳ್ಳವನಿಗೆ ಒಂದೇ ಸಲಕ್ಕೆ ಸುರಿಯದೆ, ನಾಳೆ ಬರುವವನಿಗೂ ಇಷ್ಟು ಇರಲಿ ಎಂದು ಎತ್ತಿಟ್ಟರು. ಉತ್ತರ ಅಮೆರಿಕದ ಕಣಜ 2015ರ ಸೆಪ್ಟೆಂಬರ್‌ವರೆಗೂ, ಯೂರೋಪಿನದು 2019ರ ನವೆಂಬರ್‌ವರೆಗೂ ಬಂತು.

ಹಂಚಿಕೆಯ ಫಲಿತಾಂಶವನ್ನು ನೋಡಿ. ಅಮೆರಿಕ ದೇಶದ ಖಾತೆಯಲ್ಲಿ ಸುಮಾರು 160 ಕೋಟಿ ವಿಳಾಸಗಳಿವೆ. ಅಲ್ಲಿಯ ಜನ 34 ಕೋಟಿ. ಭಾರತದ ಖಾತೆಯಲ್ಲಿರುವುದು ಸುಮಾರು 4 ಕೋಟಿ. ನಮ್ಮ ಜನ 140 ಕೋಟಿಗೂ ಹೆಚ್ಚು. ಅಲ್ಲಿ ತಲೆಗೆ ನಾಲ್ಕೈದು, ಇಲ್ಲಿ ಮೂವತ್ತೈದು ತಲೆಗೆ ಒಂದು.

ಕಾವೇರಿಯ ನೀರು ಕುಡಿಯುವ ನಮಗೆ ಈ ನ್ಯಾಯ ಹೊಸದಲ್ಲ. ಮದರಾಸು ಮೊದಲಿನಿಂದ ನೀರು ಬಳಸುತ್ತಿತ್ತೆಂಬ ಆಧಾರದ ಮೇಲೆ, 1892 ಮತ್ತು 1924ರ ಒಪ್ಪಂದಗಳು ಮೈಸೂರಿನ ಹೊಸ ಕಟ್ಟೆಗಳಿಗೆ ಕಟ್ಟುಪಾಡು ಹಾಕಿದವು. ತಡವಾಗಿ ಎಚ್ಚೆತ್ತವನು ತನ್ನ ಹೊಲದ ಪಕ್ಕದ ನೀರಿಗೆ ಅನುಮತಿ ಬೇಡಬೇಕಾಯಿತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು, ರಾಜ್ಯ ರಾಜ್ಯಗಳ ನಡುವೆ ಹರಿಯುವ ನದಿ ರಾಷ್ಟ್ರದ ಸ್ವತ್ತು, ಯಾವ ರಾಜ್ಯವೂ ಅದರ ಒಡೆತನ ಸಾಧಿಸುವಂತಿಲ್ಲ ಎಂದಿತು. ಬೆಂಗಳೂರಿನ ಕುಡಿಯುವ ನೀರಿಗೆಂದು 4.75 ಟಿಎಂಸಿ ಹೆಚ್ಚು ಕೊಟ್ಟಿತು. ಮೊದಲು ಬಂದದ್ದೊಂದೇ ಹಕ್ಕಲ್ಲ, ಅಗತ್ಯವೂ ಹಕ್ಕೇ ಎಂಬ ತತ್ವ ಅಲ್ಲಿ ಮಾನ್ಯವಾಯಿತು. ನೀರಿಗೆ ಒಪ್ಪಿದ ಈ ನ್ಯಾಯ ವಿಳಾಸಕ್ಕೇಕೆ ಒಪ್ಪಬಾರದು?

ಖಾತೆ ಬದಲಾವಣೆಯ ವಾದ

ಕಣಜ ಬರಿದಾದೊಡನೆ ಸಂತೆ ನೆರೆಯಿತು. 2011ರಲ್ಲಿಯೇ ದಿವಾಳಿಯೆದ್ದ ನಾರ್ಟೆಲ್ ಎಂಬ ಕೆನಡದ ಕಂಪನಿಯ ಆಸ್ತಿಯನ್ನು ವಿಲೇವಾರಿ ಮಾಡುವಾಗ, ಅದರ ಬಳಿಯಿದ್ದ 6,66,624 ವಿಳಾಸಗಳನ್ನು ಮೈಕ್ರೋಸಾಫ್ಟ್ 75 ಲಕ್ಷ ಡಾಲರಿಗೆ ಕೊಂಡಿತು. ಪುಕ್ಕಟೆ ಬಂದ ಅಂಕಿಯೊಂದಕ್ಕೆ 11 ಡಾಲರಿಗೂ ಮಿಕ್ಕಿ! ಎಂಐಟಿ 2017ರಲ್ಲಿ, ತನ್ನ ಬಳಿಯಿದ್ದ ವಿಳಾಸಗಳಲ್ಲಿ 1 ಕೋಟಿ 40 ಲಕ್ಷ ಬಳಕೆಯಾಗದೆ ಬಿದ್ದಿವೆ ಎಂದು ಒಪ್ಪಿಕೊಂಡು, ಲಕ್ಷಗಟ್ಟಲೆಯಾಗಿ ಮಾರಿತು. ಹವ್ಯಾಸಿ ರೇಡಿಯೋದವರಿಗೆಂದು ಮೀಸಲಿಟ್ಟಿದ್ದ ಕಟ್ಟಿನಿಂದ 2019ರಲ್ಲಿ 40 ಲಕ್ಷಕ್ಕೂ ಹೆಚ್ಚು ವಿಳಾಸಗಳು ಅಮೆಜಾನ್ ಪಾಲಾದವು. 2021-22ರ ಸುಮಾರಿಗೆ ಒಂದರ ಬೆಲೆ 50 ಡಾಲರನ್ನೂ ದಾಟಿತು, ಆಮೇಲೆ ಇಳಿಯಿತು. ಕೊಂಡವರು ಸುಮ್ಮನಿದ್ದಾರೆಯೆ? ಅಮೆಜಾನಿನ ಬಾಡಿಗೆ ಯಂತ್ರಗಳ ವಿಭಾಗ 2024ರ ಫೆಬ್ರವರಿ 1ರಿಂದ ವಿಳಾಸವೊಂದಕ್ಕೆ ಗಂಟೆಗೆ ಅರ್ಧ ಸೆಂಟಿನಂತೆ ಬಾಡಿಗೆ ಹಾಕಿದೆ. ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 44 ಡಾಲರು. ಬೆಂಗಳೂರಿನಲ್ಲಿ ಸಣ್ಣ ಕಂಪನಿ ನಡೆಸುವ ನಮ್ಮ ಹುಡುಗನೂ ಈ ಬಾಡಿಗೆಯ ಬಲೆಯೊಳಗೇ ಇದ್ದಾನೆ.

ವಲಯದ ಗಡಿ ದಾಟಿ ಮಾರುವ ಪ್ರಶ್ನೆ ಎದ್ದದ್ದು ಈ ಸಂದರ್ಭದಲ್ಲಿ. ಉತ್ತರ ಅಮೆರಿಕ ಮತ್ತು ಏಷ್ಯಾದ ನಡುವೆ 2012ರಲ್ಲಿ ದಾರಿ ತೆರೆಯಿತು, ಯೂರೋಪು 2015ರಲ್ಲಿ, ಲ್ಯಾಟಿನ್ ಅಮೆರಿಕ 2020ರಲ್ಲಿ ಸೇರಿದವು. ಹೆಚ್ಚಾಗಿ ಹರಿದದ್ದು ಅಮೆರಿಕ ವಲಯದಿಂದ ಹೊರಕ್ಕೆ.

ಮಾರಾಟ ಬೇಕೆನ್ನುವವರ ವಾದವನ್ನು ನಾವು ಪ್ರಾಮಾಣಿಕವಾಗಿ ಕೇಳಬೇಕು. ಕೊಳೆಯುತ್ತ ಬಿದ್ದ ದಾಸ್ತಾನು ಹಸಿದವನ ಊರಿಗೆ ಬರುವುದಾದರೆ ಬೇಡವೆನ್ನುವುದೇಕೆ? ತಡೆದರೆ ಕಾಳಸಂತೆ ಬೆಳೆಯುತ್ತದೆ, ಪುಸ್ತಕದಲ್ಲಿ ಒಬ್ಬನ ಹೆಸರು, ಬಳಕೆ ಇನ್ನೊಬ್ಬನದು ಎಂದಾಗುತ್ತದೆ. ಅದಕ್ಕಿಂತ ಬಹಿರಂಗವಾಗಿ ಖಾತೆ ಬದಲಾಯಿಸುವುದೇ ಲೇಸು. ಈ ಮಾತಿನಲ್ಲಿ ಸತ್ಯವಿದೆ. ಅಮೆರಿಕದ ದಾಸ್ತಾನು ಬೀಗ ಹಾಕಿಕೊಂಡೇ ಇರಲಿ ಎಂದರೆ ನಷ್ಟ ನಮಗೇ. ಆದುದರಿಂದ ಗಡಿ ದಾಟುವುದೇ ಕೂಡದೆಂಬ ಹಟ ನನ್ನದಲ್ಲ.

ಆದರೆ ಯಾರಿಗೆ ದಾಟಬೇಕು? ಇಲ್ಲಿಯೇ ಜಗಳದ ತಿರುಳಿದೆ. ಅಮೆರಿಕದ ಆರಿನ್, ಕೊಳ್ಳುವವನು ತನಗೆ ನಿಜವಾಗಿ ಬಳಕೆಯಿದೆಯೆಂದು ತೋರಿಸುವ ನಿಯಮವಿರುವ ವಲಯಕ್ಕೆ ಮಾತ್ರ ಕೊಡುತ್ತೇನೆ ಎಂದು ಪಟ್ಟು ಹಿಡಿಯಿತು. ಆ ನಿಯಮವನ್ನು ಸಡಿಲ ಮಾಡಹೊರಟಿದ್ದ ಏಷ್ಯಾದ ಕಚೇರಿ ಅದನ್ನು ಉಳಿಸಿಕೊಳ್ಳಬೇಕಾಯಿತು. ಯೂರೋಪು ತನ್ನೊಳಗಿನ ಮಾರಾಟಕ್ಕೆ ಅಗತ್ಯದ ನಿಯಮವನ್ನು ತೆಗೆದುಹಾಕಿದ್ದರೂ, ಅಮೆರಿಕದಿಂದ ತರಿಸಿಕೊಳ್ಳುವವನು ಐದು ವರ್ಷದೊಳಗೆ ಅರ್ಧವನ್ನಾದರೂ ಬಳಸುವ ಯೋಜನೆ ಕೊಡಬೇಕೆಂದು ಒಪ್ಪಿತು. ದಲ್ಲಾಳಿಗಳಿಗೆ ಈ ಷರತ್ತು ಮುಳ್ಳು. ಹಣವಿದ್ದವನು ಕೊಂಡರೆ ಅದೇ ಅಗತ್ಯದ ರುಜುವಾತು, ಮತ್ತೇನು ಬೇಕು ಎನ್ನುತ್ತಾರೆ ಅವರು.

ಈ ಮಾತನ್ನು ನಾವು ಬೇರೆ ಕಡೆಯೂ ಕೇಳಿದ್ದೇವೆ. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದ್ದು ಉಳುವವನೇ ಹೊಲದೊಡೆಯನೆಂಬ ಒಂದೇ ಮಾತಿಗಾಗಿ. ಬೇಸಾಯಗಾರನಲ್ಲದವನು ಹೊಲ ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಿದಾಗ ಹೇಳಿದ ಸಮಾಧಾನವೂ ಇದೇ: ಹಣವಿದ್ದವನು ಕೊಳ್ಳಲಿ, ಭೂಮಿ ಬೀಳು ಬೀಳುವುದಿಲ್ಲ. ಬಿಡದಿಯಿಂದ ಈಚೆಗೆ ಬೇಲಿ ಹಾಕಿ ಬೆಲೆ ಏರಲೆಂದು ಬಿಟ್ಟ ಹೊಲಗಳನ್ನು ನೋಡಿದವರಿಗೆ ಆ ಸಮಾಧಾನದ ಬೆಲೆ ಗೊತ್ತು. ಅಗತ್ಯದ ಷರತ್ತು ಹೋದರೆ ವಿಳಾಸದ ಗತಿಯೂ ಬೇಲಿ ಹಾಕಿದ ಹೊಲದ ಗತಿಯೇ.

ಆಫ್ರಿಕಾದ ಪಾಠ

ಇದು ಬರಿಯ ಊಹೆಯಲ್ಲ. ಆಫ್ರಿಕಾದಲ್ಲಿ ಕಣ್ಣೆದುರು ನಡೆದಿದೆ. ಎಲ್ಲರಿಗಿಂತ ಕೊನೆಗೆ ಹುಟ್ಟಿದ ಆಫ್ರಿನಿಕ್ಕಿನ ಕಣಜದಲ್ಲಿ ಎಲ್ಲರಿಗಿಂತ ಹೆಚ್ಚು ಕಾಲ ಕಾಳು ಉಳಿದಿತ್ತು. ಹೊರಗಿನ ಬೆಲೆ ಏರುತ್ತ ಹೋದಂತೆ ಇಲಿಗಳು ಬಂದವು. ದಫ್ತರಿನ ಒಳಗಿನಿಂದಲೇ ಪುಸ್ತಕ ತಿದ್ದಿ ವಿಳಾಸಗಳನ್ನು ಸಾಗಿಸಿದ ಸಂಗತಿ 2019ರಲ್ಲಿ ಬಯಲಾಯಿತು. ಕಚೇರಿಯೇ ನಡೆಸಿದ ತಪಾಸಣೆ, ಕೈತಪ್ಪಿದ ವಿಳಾಸಗಳು 40 ಲಕ್ಷದ ಮೇಲಿವೆ ಎಂದು 2021ರಲ್ಲಿ ತಿಳಿಸಿತು.

ಅದೇ ವರ್ಷ ಇನ್ನೊಂದು ವ್ಯಾಜ್ಯ ಹತ್ತಿಕೊಂಡಿತು. ಸೆಶೆಲ್ಸ್ ದ್ವೀಪದಲ್ಲಿ ನೋಂದಾಯಿಸಿದ ಒಂದು ಕಂಪನಿ 2013ರಿಂದ 2016ರೊಳಗೆ ಸುಮಾರು 62 ಲಕ್ಷ ವಿಳಾಸಗಳನ್ನು ಪಡೆದಿತ್ತು. ಕೊಟ್ಟ ಕಾರಣಕ್ಕೆ ಇವು ಬಳಕೆಯಾಗುತ್ತಿಲ್ಲ, ಆಫ್ರಿಕಾದ ಹೊರಗೆ ಬಾಡಿಗೆಗೆ ಹೋಗಿವೆ ಎಂದು ಆಫ್ರಿನಿಕ್ ಹಿಂತೆಗೆದುಕೊಳ್ಳಹೊರಟಿತು. ಇಂಥ ಕಡೆಯೇ ಬಳಸಬೇಕೆಂದು ಕರಾರಿನಲ್ಲಿಲ್ಲ ಎಂಬುದು ಕಂಪನಿಯ ಉತ್ತರ. ಯಾರದು ಸರಿಯೆಂಬ ತೀರ್ಪು ನ್ಯಾಯಾಲಯದ್ದು. ಆದರೆ ವ್ಯಾಜ್ಯ ಏನು ಮಾಡಿತೆಂಬುದನ್ನು ಗಮನಿಸಿ: ಮಾರಿಷಸ್ಸಿನ ನ್ಯಾಯಾಲಯದ ಆಜ್ಞೆಯಿಂದ 2021ರ ಜುಲೈಯಲ್ಲಿ ಕಚೇರಿಯ ಬ್ಯಾಂಕ್ ಖಾತೆಗಳಿಗೆ ತಡೆ ಬಿತ್ತು, ಆಡಳಿತ ಮಂಡಲಿಗೆ ಕೋರಂ ಇಲ್ಲವಾಯಿತು, 2023ರಲ್ಲಿ ರಿಸೀವರು ಬಂದರು, 2025ರ ಜೂನಿನ ಚುನಾವಣೆ ರದ್ದಾಗಿ ಸೆಪ್ಟೆಂಬರಿನಲ್ಲಿ ಮತ್ತೆ ನಡೆಯಿತು. ಒಂದು ಇಡೀ ಖಂಡದ ದಫ್ತರು ವರ್ಷಗಟ್ಟಲೆ ಕುಂಟಿತು. ವಲಯದ ಹೊರಕ್ಕೆ ಖಾತೆ ಬದಲಿಸಲು ಆಫ್ರಿಕಾ ಇನ್ನೂ ಬಾಗಿಲು ತೆರೆದಿಲ್ಲ. ಬಡವನು ಕಣಜದ ಬೀಗವನ್ನು ಬಿಗಿಯಾಗಿ ಹಿಡಿದಿದ್ದರೆ ಅದು ಹಟವಲ್ಲ, ಅನುಭವ. ಆದರೆ ಬೀಗವೊಂದೇ ಸಾಲದು, ಪುಸ್ತಕವೂ ನೆಟ್ಟಗಿರಬೇಕೆಂಬುದನ್ನೂ ಅದೇ ಅನುಭವ ಕಲಿಸಿದೆ.

ಪುಸ್ತಕ ನೆಟ್ಟಗಿಲ್ಲದಿದ್ದರೆ ಸಾಮಾನ್ಯ ಮನುಷ್ಯನಿಗೇನು ಎನ್ನುವವರು ಬೆಂಗಳೂರಿನ ಒಂದು ಪ್ರಕರಣವನ್ನು ನೆನೆಯಬೇಕು. 2007ರಲ್ಲಿ ಬೆಂಗಳೂರಿನ ಒಬ್ಬ ತರುಣ ತಂತ್ರಜ್ಞನನ್ನು ಪುಣೆಯ ಪೊಲೀಸರು ಹಿಡಿದೊಯ್ದರು. ಶಿವಾಜಿಯನ್ನು ಅವಮಾನಿಸುವ ಚಿತ್ರವನ್ನು ಜಾಲದಲ್ಲಿ ಹಾಕಿದನೆಂಬುದು ಆರೋಪ, ಐಪಿ ವಿಳಾಸವೇ ಸಾಕ್ಷಿ. ಆತನು 50 ದಿನ ಸೆರೆಮನೆಯಲ್ಲಿ ಕಳೆದ ಮೇಲೆ, ಆ ಹೊತ್ತಿನಲ್ಲಿ ಆ ವಿಳಾಸ ಆತನದಾಗಿರಲಿಲ್ಲ, ಪೊಲೀಸರಿಗೆ ಕೊಟ್ಟ ಮಾಹಿತಿಯೇ ತಪ್ಪು ಎಂದು ಹೊರಬಂತು. ಅಲ್ಲಿ ವಲಯದಿಂದ ವಲಯಕ್ಕೆ ಮಾರಾಟವೇನೂ ನಡೆದಿರಲಿಲ್ಲ. ಕಂಪನಿಯೊಂದರ ದಾಖಲೆಯಲ್ಲಿ ಆದ ತಪ್ಪು, ಅಷ್ಟೆ. ಅಷ್ಟಕ್ಕೇ ಒಬ್ಬನ 50 ದಿನ ಹೋದವು. ಇನ್ನು ಒಂದೇ ನಂಬರಿನ ಹಿಂದೆ ನೂರಾರು ಸಂಸಾರಗಳಿರುವಾಗ, ಆ ನಂಬರು ಇಂದು ಒಂದು ಖಂಡದಲ್ಲಿ ನಾಳೆ ಇನ್ನೊಂದರಲ್ಲಿ ಬಾಡಿಗೆಗಿರುವಾಗ, ಪುಸ್ತಕ ಬರೆಯುವವನ ಕೈ ಎಷ್ಟು ಶುದ್ಧವಿರಬೇಕೆಂದು ನೀವೇ ಯೋಚಿಸಿ. ವಠಾರದಲ್ಲಿ ಕಳ್ಳನೊಬ್ಬನಿದ್ದರೆ ಠಾಣೆಯ ಮೆಟ್ಟಿಲು ಹತ್ತುವವರು ಎಲ್ಲ ಸಂಸಾರದವರೂ.

ಹೊಸ ಅಂಕಿ ಬಂದಿಲ್ಲವೆ?

ಬಂದಿದೆ. ಆರನೆಯ ಆವೃತ್ತಿಯ ವಿಳಾಸಗಳ ಸಂಖ್ಯೆಯನ್ನು ಬರೆಯಬೇಕಾದರೆ 340ರ ಮುಂದೆ 36 ಸೊನ್ನೆ ಹಾಕಬೇಕು. ಅಪ್ರಮೇಯನ ಊರಿನವರಿಗೆ ಅಳತೆಗೆ ಸಿಗದ್ದೆಂದರೇನೆಂದು ಬೇರೆ ಹೇಳಬೇಕೆ? ಭಾರತ ಸರ್ಕಾರದ ದೂರಸಂಪರ್ಕ ಇಲಾಖೆ 2010ರಲ್ಲಿಯೇ ಇದರ ಮಾರ್ಗಸೂಚಿ ಹೊರಡಿಸಿತು. 2016ರ ಬಳಿಕ ಮೊಬೈಲ್ ಕಂಪನಿಗಳು ಕೋಟಿಗಟ್ಟಲೆ ಹೊಸ ಗಿರಾಕಿಗಳನ್ನು ಸೇರಿಸುವಾಗ ಹಳೆಯ ಅಂಕಿ ಸಾಲದೆ ಇದನ್ನೇ ಹಿಡಿದವು. ಇಂದು ಭಾರತದ ಬಳಕೆದಾರರಲ್ಲಿ ನೂರಕ್ಕೆ 70ರಷ್ಟು ಮಂದಿ ಹೊಸ ಅಂಕಿಯನ್ನು ಮುಟ್ಟಬಲ್ಲರು. ಇದರಲ್ಲಿ ನಮ್ಮ ದೇಶ ಜಗತ್ತಿನ ಮುಂದಿನ ಸಾಲಿನಲ್ಲಿದೆ. ಬರ ಅನುಭವಿಸಿದವನೇ ಬಾವಿ ತೋಡುತ್ತಾನೆ.

ಹಾಗಿದ್ದರೆ ಹಳೆಯ ಅಂಕಿಗೆ ಬೆಲೆಯೇಕೆ? ನಮ್ಮ ಹಳೆಯ ರಸ್ತೆಯ ಅಂಗಡಿಗಳನ್ನೇ ನೋಡಿ. ಹೊಸ ರಸ್ತೆ ಆಯಿತೆಂದು ಅಂಗಡಿಯವನು ಹಳೆಯದನ್ನು ಒಮ್ಮೆಗೆ ಬಿಡಲಾರ. ಅಲ್ಲಿಯೇ ಬರುವ ಗಿರಾಕಿ ಇನ್ನೂ ಇದ್ದಾನೆ. ಹಳೆಯ ಅಂಕಿಯೊಂದನ್ನೇ ಬಲ್ಲ ಯಂತ್ರಗಳು, ಬ್ಯಾಂಕುಗಳು, ಕಚೇರಿಗಳು ಜಗತ್ತಿನಲ್ಲಿ ಇನ್ನೂ ಹೇರಳವಾಗಿವೆ. ಎರಡೂ ಅಂಕಿಗಳು ನೇರವಾಗಿ ಒಂದರೊಡನೊಂದು ಮಾತನಾಡಲಾರವು, ನಡುವೆ ದುಭಾಷಿ ಬೇಕು. ಎಲ್ಲರೂ ಹೊಸ ರಸ್ತೆಗೆ ಬರುವವರೆಗೆ ಹಳೆಯ ರಸ್ತೆಯ ಬಾಡಿಗೆ ಕೂಡಿಸುವವನು ಕೂಡಿಸುತ್ತಲೇ ಇರುತ್ತಾನೆ. ಅವನಿಗೆ ಅವಸರವಿಲ್ಲ, ಅವಸರ ಪಡಬೇಕಾದವರು ನಾವು.

ನಮ್ಮ ನಿಲುವು

ವಿಳಾಸವೆಂಬುದು ಯಾರ ಪಿತ್ರಾರ್ಜಿತವೂ ಅಲ್ಲ. ಎಲ್ಲರೂ ಒಪ್ಪಿ ಒಂದು ಪುಸ್ತಕದಲ್ಲಿ ಬರೆದುಕೊಂಡದ್ದರಿಂದಲೇ ಆ ಅಂಕಿಗೆ ಅರ್ಥ ಬಂತು. ಪುಸ್ತಕವನ್ನು ತೆಗೆದರೆ ಅದು ಬರಿಯ ಮಗ್ಗಿಯ ಲೆಕ್ಕ. ಎಲ್ಲರ ಒಪ್ಪಿಗೆಯಿಂದ ಬೆಲೆ ಪಡೆದದ್ದರ ಮೇಲೆ ಎಲ್ಲರಿಗೂ ಹಕ್ಕಿದೆ. ಇದರಿಂದ ನಾಲ್ಕು ಮಾತು ಹೊರಡುತ್ತವೆ.

ಒಂದು: ವಲಯದಿಂದ ವಲಯಕ್ಕೆ ವಿಳಾಸ ಹೋಗಲಿ, ಆದರೆ ಬಳಸುವವನ ಕೈಗೆ ಹೋಗಲಿ. ಅಗತ್ಯ ತೋರಿಸುವ ಷರತ್ತನ್ನು ಯಾವ ವಲಯವೂ ಸಡಿಲಿಸಕೂಡದು. ನಮ್ಮ ಇರಿನ್ ಮತ್ತು ಭಾರತದ ಪ್ರತಿನಿಧಿಗಳು ಎಪಿನಿಕ್ಕಿನ ಸಭೆಗಳಲ್ಲಿ ಇದನ್ನು ಗಟ್ಟಿಯಾಗಿ ಹೇಳಬೇಕು.

ಎರಡು: ಬೆಲೆಯನ್ನು ಬಯಲಿಗೆ ತರಬೇಕು. ಯಾರ ಖಾತೆಯಿಂದ ಯಾರ ಖಾತೆಗೆ ಎಷ್ಟು ಹೋಯಿತೆಂದು ದಾಖಲೆ ಕಚೇರಿಗಳು ಪ್ರಕಟಿಸುತ್ತವೆ. ಎಷ್ಟಕ್ಕೆ ಹೋಯಿತೆಂದು ಪ್ರಕಟಿಸುವುದಿಲ್ಲ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಲಾಟು ಲಾಟಿನ ದರ ರೈತನಿಗೂ ರೀಲರಿಗೂ ಗೊತ್ತಾಗುತ್ತದೆ. ಮಾರುಕಟ್ಟೆಯ ಹೊರಗೆ ಗುಟ್ಟಾಗಿ ಗೂಡು ಕೊಳ್ಳುವವನ ಕೈಗೆ ರೈತ ಸಿಕ್ಕಿಬೀಳಬಾರದೆಂದೇ 1959ರ ಕಾಯ್ದೆ ಬಂದದ್ದು. ರೇಷ್ಮೆಗೂಡಿಗೆ ಇರುವ ರಕ್ಷಣೆ ವಿಳಾಸಕ್ಕೆ ಬೇಡವೆ?

ಮೂರು: ಹೊಸಬರ ಪಾಲನ್ನು ಎತ್ತಿಡಬೇಕು. ತಿರುಗಿ ಬಂದ, ವಶಪಡಿಸಿಕೊಂಡ ವಿಳಾಸಗಳು ಸಂತೆಗೆ ಹೋಗದೆ ಸಣ್ಣ ಊರುಗಳ ಕೇಬಲ್ಲಿನವರಿಗೆ, ಸಹಕಾರ ಸಂಘಗಳಿಗೆ, ಶಾಲೆಗಳಿಗೆ ಪಾವಿನ ಅಳತೆಯಲ್ಲಿ ಸಿಗಬೇಕು.

ನಾಲ್ಕು: ಪುಸ್ತಕ ಹಿಡಿಯುವವರನ್ನು ಆರಿಸುವ ರೀತಿ ಬದಲಾಗಬೇಕು. ಎಪಿನಿಕ್ಕಿನ ನಿಯಮ ಚರ್ಚೆಗೆ ಯಾರು ಬೇಕಾದರೂ ಬರಬಹುದು, ಒಳ್ಳೆಯದೇ. ಆದರೆ ಅದರ ಕಾರ್ಯಮಂಡಲಿಯ ಚುನಾವಣೆಯಲ್ಲಿ ಸದಸ್ಯನ ಗಾತ್ರ ನೋಡಿ 1ರಿಂದ 64ರವರೆಗೆ ಮತಗಳು. ಹೆಚ್ಚು ವಿಳಾಸವುಳ್ಳವನಿಗೆ ಹೆಚ್ಚು ಮತ! ಕಂದಾಯ ಕಟ್ಟುವವನಿಗಷ್ಟೇ ಮತವಿದ್ದ ಕಾಲವನ್ನು ನಮ್ಮ ಹಿರಿಯರು ಹೋರಾಡಿ ಕಳೆದರು. ಜಾಲದಲ್ಲಿ ಅದು ಇನ್ನೂ ಜೀವಂತವಾಗಿದೆ.

ಇವೆಲ್ಲ ಬ್ರಿಸ್ಬೇನಿನ, ದೆಹಲಿಯ ಮಾತಾಯಿತು, ನಾವೇನು ಮಾಡಬಹುದು ಎಂದು ಕೇಳುವಿರಿ. ಮಾಡಬಹುದಾದದ್ದು ಇದೆ. ಲೈನು ಹಾಕಲು ಬಂದವನನ್ನು ಎರಡು ಪ್ರಶ್ನೆ ಕೇಳಿ: ಈ ಲೈನಿಗೆ ಆರನೆಯ ಆವೃತ್ತಿಯ ವಿಳಾಸ ಉಂಟೆ? ಈ ಕ್ಯಾಮೆರಾ ಅದನ್ನು ಅರಿಯುತ್ತದೆಯೆ? ಇಲ್ಲವೆಂದರೆ ಏಕಿಲ್ಲ ಎಂದು ಕೇಳಿ. ಒಬ್ಬ ಕೇಳಿದರೆ ನಕ್ಕು ಹೋಗುತ್ತಾನೆ. ವರ್ತಕರ ಸಂಘವೇ ಕೇಳಿದರೆ ಬರೆದುಕೊಂಡು ಹೋಗುತ್ತಾನೆ. ನಗರಸಭೆಯ, ತಾಲ್ಲೂಕು ಕಚೇರಿಯ, ರೇಷ್ಮೆ ಇಲಾಖೆಯ ಜಾಲಗಳೂ ಹೊಸ ಅಂಕಿಯಲ್ಲಿ ಸಿಗುತ್ತವೆಯೇ ಎಂದು ನಮ್ಮ ಸದಸ್ಯರು ಸಭೆಗಳಲ್ಲಿ ಪ್ರಶ್ನೆ ಎತ್ತಬೇಕು.

ದೊಡ್ಡಮಳೂರಿನ ಮಾಲೀಕರಿಗೆ ಇಷ್ಟನ್ನು ಹೇಳಿ ಮುಗಿಸುವ ಹೊತ್ತಿಗೆ ಸಂಜೆಯಾಗಿತ್ತು. ಅವರು ಬೊಂಬೆಗಳ ಮೇಲಿನ ಧೂಳು ಒರೆಸುತ್ತ ಕೇಳಿದರು: “ಹಾಗಾದ್ರೆ ಮೇಷ್ಟ್ರೆ, ನಮ್ಮ ಪಾಲಿನ ನಂಬರು ಅಮೆರಿಕದಲ್ಲಿ ಸುಮ್ಮನೆ ಬಿದ್ದಿದೆ, ಅದನ್ನೇ ನಾವು ದುಡ್ಡು ಕೊಟ್ಟು ತಗೋಬೇಕು, ಅಲ್ಲವಾ?” ಹೌದೆಂದೆ. “ಅದಕ್ಕಿಂತ ಹೊಸದನ್ನೇ ಕೇಳ್ತೀನಿ ಬಿಡಿ. ಬರೋ ಶುಕ್ರವಾರ ಸಂಘದ ಸಭೆ ಇದೆ, ನೀವೂ ಬನ್ನಿ” ಎಂದರು. ಹೋಗುತ್ತೇನೆ. ಚನ್ನಪಟ್ಟಣದ, ರಾಮನಗರದ ವಾಚಕ ಬಂಧುಗಳೂ ತಮ್ಮ ತಮ್ಮ ಸಂಘಗಳಲ್ಲಿ ಈ ಮಾತನ್ನು ಎತ್ತಬೇಕೆಂದು ಕೋರುತ್ತೇನೆ.